ಫ್ಯಾಕ್ಟರ್ ರಿಪೋರ್ಟ್ ಕೈಗೆ ಬಂದಾಗ: ರಕ್ತ ಹೆಪ್ಪುಗಟ್ಟುವ ಅಂಶಗಳು ಮತ್ತು ಅವುಗಳ ವಿರುದ್ಧದ ಪ್ರತಿಕಾಯಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಲ್ಯಾಬೊಂದರಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಕನ್ನಡದವಳು ಅಂತ ಗೊತ್ತಾದ ಮೇಲೆ ಮಾಟುಂಗದಿಂದ, ಡೊಂಬಿವಲಿಯಿಂದ, ಪುಣೆಯಿಂದ, ಮಡಗಾಂವ್‌ನಿಂದ ಜನ ರಿಪೋರ್ಟಿನ ಫೋಟೊ ಕಳಿಸಿ ಕೇಳುತ್ತಾರೆ. ಡಾಕ್ಟರ್ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದು ಅರ್ಧ ಮಾತ್ರ ತಲೆಗೆ ಹೋಗಿರುತ್ತದೆ. ಹಾಗೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಔಷಧಿಯ ತೀರ್ಮಾನ ಹೆಮಟಾಲಜಿಸ್ಟ್, ಅಂದರೆ ರಕ್ತರೋಗದ ತಜ್ಞರದು. ರಿಪೋರ್ಟಿನ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿಸುವುದಷ್ಟೇ ನನ್ನ ಪಾಲು.

## ಮೊದಲು ಕೇಳುವ ಪ್ರಶ್ನೆಗಳು

"ಫ್ಯಾಕ್ಟರ್ ಎಂಟು 3 ಅಂತ ಬಂದಿದೆ. 3 ಅಂದ್ರೆ ತುಂಬಾ ಕಡಿಮೇನಾ?"

ಹೌದು. ಆರೋಗ್ಯವಂತರಲ್ಲಿ ಸುಮಾರು 50ರಿಂದ 150 ಪರ್ಸೆಂಟ್ ಇರುತ್ತದೆ. ರಕ್ತನಾಳಕ್ಕೆ ಗಾಯವಾದಾಗ ಒಂದರ ಹಿಂದೆ ಒಂದು ಕೆಲಸಕ್ಕೆ ಇಳಿಯುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಎಂದು ಹೆಸರು. ಅವುಗಳಿಗೆ ನಂಬರ್ ಇದೆ. ಎಂಟನೆಯದು ಒಂಬತ್ತನೆಯದಕ್ಕೆ ಜೊತೆಗಾರ. ಅದಿಲ್ಲದಿದ್ದರೆ ಸರಪಳಿ ಅಲ್ಲಿಗೇ ನಿಧಾನವಾಗುತ್ತದೆ, ಹೆಪ್ಪು ಸಡಿಲವಾಗುತ್ತದೆ.

ಆದರೆ 3 ಎಂದು ಓದಿದ ಕೂಡಲೇ ಎರಡು ಸಂಗತಿ ಕೇಳಬೇಕು. ಆ ಅಂಶ ದೇಹದಲ್ಲಿ ತಯಾರಾಗುತ್ತಲೇ ಇಲ್ಲವೇ, ಇಲ್ಲ ತಯಾರಾದದ್ದನ್ನು ಯಾವುದೋ ಪ್ರತಿಕಾಯ (ಆಂಟಿಬಾಡಿ) ಹಿಡಿದು ನಿಲ್ಲಿಸುತ್ತಿದೆಯೇ? ಅಥವಾ ಅಂಶ ಸರಿಯಾಗಿಯೇ ಇದ್ದು, ನಮ್ಮ ಪರೀಕ್ಷೆಗೆ ಮಾತ್ರ ಕಡಿಮೆ ಕಾಣುತ್ತಿದೆಯೇ? ಮುಂದಿನ ಉತ್ತರಗಳೆಲ್ಲ ಇದರ ಸುತ್ತವೇ ಇವೆ.

"ನಮ್ಮ ಮನೆತನದಲ್ಲಿ ಯಾರಿಗೂ ಹಿಮೋಫಿಲಿಯಾ ಇಲ್ಲ. 74ನೇ ವಯಸ್ಸಿಗೆ ಅಪ್ಪನಿಗೆ ಹೇಗೆ ಬಂತು?"

ಹೆಪ್ಪುಗಟ್ಟುವ ಅಂಶ ಸಾಲದೆ ರಕ್ತ ಬೇಗ ನಿಲ್ಲದ ಕಾಯಿಲೆಗೆ ಹಿಮೋಫಿಲಿಯಾ ಎನ್ನುತ್ತಾರೆ. ಅಪ್ಪನದು ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಬಂದದ್ದು. ಹುಟ್ಟಿನಿಂದ ಬರುವ ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳಿಗೆ, ತಾಯಿಯ ಕಡೆಯಿಂದ ಬರುತ್ತದೆ. ನಡುವೆ ಬರುವ ಹಿಮೋಫಿಲಿಯಾ ಗಂಡಸರು ಹೆಂಗಸರು ಎನ್ನದೆ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಫ್ಯಾಕ್ಟರ್ ಎಂಟನ್ನು ಶತ್ರು ಎಂದು ತಪ್ಪು ತಿಳಿದು ಅದರ ಮೇಲೆ ಪ್ರತಿಕಾಯ ಬಿಡುತ್ತದೆ. ಬಹಳ ಅಪರೂಪ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಯುರೋಪಿನಲ್ಲಿ 501 ರೋಗಿಗಳ ವಿವರ ಸೇರಿಸಿ ನೋಡಿದಾಗ ಅರ್ಧದಷ್ಟು ಜನರಲ್ಲಿ ಯಾವ ಕಾರಣವೂ ಸಿಕ್ಕಿರಲಿಲ್ಲ. ಉಳಿದವರಲ್ಲಿ ರುಮಟಾಯ್ಡ್ ಸಂಧಿವಾತ, ಲೂಪಸ್ (ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಕ್ಯಾನ್ಸರ್, ಹೆರಿಗೆ ಹೀಗೆ ಏನಾದರೊಂದು ಹಿನ್ನೆಲೆ ಇತ್ತು. ಅಪ್ಪನಿಗೆ ಸ್ಕ್ಯಾನ್ ಮಾಡಿಸಲು ಹೇಳಿದ್ದರೆ ಹೆದರಬೇಡಿ, ಆ ಹಿನ್ನೆಲೆ ಹುಡುಕುತ್ತಿದ್ದಾರೆ ಅಷ್ಟೆ. ನಿಮ್ಮ ಮಕ್ಕಳಿಗೆ ಇದು ಹರಿದು ಬರುವ ಕಾಯಿಲೆಯಲ್ಲ.

"ಅಮ್ಮನ ಮೈಯೆಲ್ಲ ನೀಲಿಗಟ್ಟಿದೆ. ಬಿದ್ದಿದ್ದಾರೆ ಅಂದುಕೊಂಡು ನೋವಿನ ಇಂಜೆಕ್ಷನ್ ಕೊಡಿಸಿದೆವು. ತಪ್ಪಾಯಿತೇ?"

ನಿಮ್ಮ ತಪ್ಪಲ್ಲ, ಆದರೆ ಇನ್ನು ಮುಂದೆ ಬೇಡವೇ ಬೇಡ. ನಡುವೆ ಬಂದ ಹಿಮೋಫಿಲಿಯಾದಲ್ಲಿ ಕೀಲುಗಳಿಗಿಂತ ಚರ್ಮದಡಿಯಲ್ಲಿ, ಸ್ನಾಯುವಿನೊಳಗೆ ರಕ್ತ ಹರಡುವುದೇ ಹೆಚ್ಚು. ಕಳೆದ ವರ್ಷ ಲ್ಯಾಬಿಗೆ ಬಂದ ಒಬ್ಬ ಅಜ್ಜಿಯ ಎಡಗೈ ಕಣ್ಣಿಗೆ ಕಟ್ಟಿದ ಹಾಗಿದೆ. ಬಳೆಗಳ ಮೇಲಿನಿಂದ ಮೊಣಕೈವರೆಗೆ ನೇರಳೆ ಹಣ್ಣಿನ ಬಣ್ಣ, ಅದರ ಅಂಚಿಗೆ ಅರಿಶಿನದ ಹಳದಿ. ಬಿಪಿ ನೋಡಿದ ಪಟ್ಟಿಯ ಅಚ್ಚು ಕೂಡ ಕಪ್ಪಾಗಿ ಉಳಿದಿತ್ತು. ಮನೆಯವರಿಗೆ ಯಾರೋ "ಅಜ್ಜಿಗೆ ಹೊಡೆದಿರಾ?" ಎಂದು ಕೇಳಿ ಅವಮಾನವಾಗಿತ್ತಂತೆ.

ನಮ್ಮ ಕಡೆ ನೋವು ಅಂದ ತಕ್ಷಣ ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚುವ ರೂಢಿ. ಈ ರೋಗಿಗಳಲ್ಲಿ ಅದು ಎರಡು ಕಡೆಯಿಂದ ಅಪಾಯ: ಸೂಜಿ ಸ್ನಾಯುವಿನೊಳಗೆ ರಕ್ತ ತುಂಬಿಸುತ್ತದೆ, ಔಷಧಿ ಪ್ಲೇಟ್‌ಲೆಟ್‌ಗಳನ್ನು ಮಂಕಾಗಿಸುತ್ತದೆ. ಆಸ್ಪಿರಿನ್ ಕೂಡ ತಾನಾಗಿ ಬೇಡ. ವಯಸ್ಸಾದವರಿಗೆ ಕಾರಣವಿಲ್ಲದೆ ದೊಡ್ಡ ನೀಲಿ ಕಲೆ ಬಂದರೆ ಪಿಟಿ, ಎಪಿಟಿಟಿ ಎಂಬ ಎರಡು ಸಾಧಾರಣ ಪರೀಕ್ಷೆ ಮಾಡಿಸಿ. ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಅಳೆಯುವ ಪರೀಕ್ಷೆಗಳು ಇವು. ಪಿಟಿ ಸರಿಯಿದ್ದು ಎಪಿಟಿಟಿ ಮಾತ್ರ ಉದ್ದವಾಗಿದ್ದರೆ ಅದನ್ನು ಹಾಗೇ ಬಿಡಬೇಡಿ.

"ಎಪಿಟಿಟಿ ಜಾಸ್ತಿ ಅಂದ್ರೆ ರಕ್ತ ಹೆಪ್ಪುಗಟ್ಟೋದು ನಿಧಾನ ಅಂತ ತಾನೆ? ಮತ್ತೆ ನನ್ನ ತಂಗಿಗೆ ಕಾಲಲ್ಲಿ ರಕ್ತದ ಗಡ್ಡೆ ಆಗಿ, ರಕ್ತ ತೆಳು ಮಾಡೋ ವಾರ್ಫರಿನ್ ಕೊಟ್ಟಿದ್ದಾರಲ್ಲ?"

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ತಂಗಿಯ ರಕ್ತದಲ್ಲಿ ಇರುವುದು ಇನ್ನೊಂದು ಬಗೆಯ ಪ್ರತಿಕಾಯ. ಹೆಸರು ಲೂಪಸ್ ಆಂಟಿಕೋಆಗ್ಯುಲಂಟ್. ಹೆಸರಿನಲ್ಲೇ ಎರಡು ತಪ್ಪು: ಅದು ಇರುವವರಲ್ಲಿ ಬಹುತೇಕರಿಗೆ ಲೂಪಸ್ ಇರುವುದಿಲ್ಲ, ಅದು ಹೆಪ್ಪು ತಡೆಯುವುದಿಲ್ಲ, ದೇಹದೊಳಗೆ ಹೆಪ್ಪು ಹೆಚ್ಚಿಸುತ್ತದೆ. ಎಪಿಟಿಟಿ ಪರೀಕ್ಷೆಗೆ ನಾವು ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ವಸ್ತು ಹಾಕುತ್ತೇವೆ. ಫ್ಯಾಕ್ಟರ್‌ಗಳು ಕೂತು ಕೆಲಸ ಮಾಡುವ ಮಣೆ ಅದು. ಈ ಪ್ರತಿಕಾಯ ಮಣೆಯನ್ನೇ ಆಕ್ರಮಿಸಿಕೊಳ್ಳುವುದರಿಂದ ಟ್ಯೂಬಿನಲ್ಲಿ ಸಮಯ ಎಳೆಯುತ್ತದೆ. ದೇಹದಲ್ಲಿ ಮಾತ್ರ ಕಾಲಿನ ರಕ್ತನಾಳದಲ್ಲಿ, ಮೆದುಳಿನಲ್ಲಿ, ಗರ್ಭಿಣಿಯ ಮಾಸಿನಲ್ಲಿ ಗಡ್ಡೆ ಕಟ್ಟಬಹುದು.

ಹಾಗಾಗಿ ಎಪಿಟಿಟಿ 70 ಸೆಕೆಂಡ್ ಎಂಬ ಒಂದೇ ಸಂಖ್ಯೆ ಫ್ಯಾಕ್ಟರ್ ಎಂಟರ ಪ್ರತಿಕಾಯ ಇರುವವರಿಗೂ ನಿಮ್ಮ ತಂಗಿಯಂಥವರಿಗೂ ಬರಬಹುದು. ಒಬ್ಬರು ರಕ್ತ ಸುರಿದು ಸಾಯುವ ಅಪಾಯದಲ್ಲಿರುತ್ತಾರೆ, ಇನ್ನೊಬ್ಬರು ಹೆಪ್ಪುಗಟ್ಟಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ವಿಷ.

"ಲೂಪಸ್ ಆಂಟಿಕೋಆಗ್ಯುಲಂಟ್ ಪಾಸಿಟಿವ್ ಬಂದಿದೆ. ಜೀವನಪೂರ್ತಿ ಔಷಧಿಯೇ?"

ಒಂದು ಸಲದ ಪಾಸಿಟಿವ್‌ನಿಂದ ಏನೂ ಹೇಳಲಾಗದು. ಜ್ವರ, ಸೋಂಕು ಬಂದಾಗ ಕೆಲವು ವಾರ ಕಾಣಿಸಿಕೊಂಡು ಮಾಯವಾಗುವುದುಂಟು. ಅದಕ್ಕೇ 12 ವಾರ ಬಿಟ್ಟು ಮತ್ತೆ ಪರೀಕ್ಷೆ. ಹೆಪಾರಿನ್, ವಾರ್ಫರಿನ್, ರಿವರೋಕ್ಸಬಾನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಇವು ಪರೀಕ್ಷೆಯನ್ನು ಕೆಡಿಸುತ್ತವೆ. ಮತ್ತೆಯೂ ಪಾಸಿಟಿವ್ ಬಂದು, ಗಡ್ಡೆ ಕಟ್ಟಿದ ಇತಿಹಾಸವೂ ಇದ್ದರೆ ಸಾಮಾನ್ಯವಾಗಿ ದೀರ್ಘಕಾಲದ ಔಷಧಿಯ ಮಾತು.

## ಲ್ಯಾಬಿನ ಒಳಗೆ

"ಮಿಕ್ಸಿಂಗ್ ಟೆಸ್ಟ್ ಅಂತ ಬರೆದಿದ್ದಾರೆ. ಬೇರೆಯವರ ರಕ್ತ ಬೆರೆಸ್ತಾರಾ?"

ಹೌದು, ಆದರೆ ಟ್ಯೂಬಿನಲ್ಲಿ, ನಿಮ್ಮ ಮೈಯಲ್ಲಲ್ಲ. ಹೆಪ್ಪು ಎಂಬ ನಮ್ಮ ಮಾತಿನಲ್ಲೇ ಇದರ ವಿವರಣೆ ಇದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿದಿರಿ, ಬೆಳಿಗ್ಗೆ ಮೊಸರಾಗಿಲ್ಲ. ಕಾರಣ ಎರಡಿರಬಹುದು: ಹೆಪ್ಪು ಸಾಲದಾಯಿತು, ಇಲ್ಲ ಹಾಲಿನಲ್ಲೇ ಏನೋ ಬೆರೆತು ಹೆಪ್ಪನ್ನು ಕೆಲಸ ಮಾಡಲು ಬಿಡುತ್ತಿಲ್ಲ. ಪಕ್ಕದ ಮನೆಯಿಂದ ಒಳ್ಳೆಯ ಹೆಪ್ಪು ತಂದು ಹಾಕಿ ನೋಡುತ್ತೀರಿ. ಮೊಸರಾದರೆ ಕೊರತೆ, ಆಗಲೂ ಆಗದಿದ್ದರೆ ಹಾಲಿನಲ್ಲೇ ದೋಷ.

ನಾವೂ ರೋಗಿಯ ಪ್ಲಾಸ್ಮಾ (ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ) ಅರ್ಧ, ಆರೋಗ್ಯವಂತರ ಪ್ಲಾಸ್ಮಾ ಅರ್ಧ ಬೆರೆಸುತ್ತೇವೆ. ಎಪಿಟಿಟಿ ಸರಿಹೋದರೆ ಫ್ಯಾಕ್ಟರ್ ಕೊರತೆ, ಸರಿಹೋಗದಿದ್ದರೆ ಪ್ರತಿಕಾಯ. ಆದರೆ ಇಲ್ಲೊಂದು ತಿರುವು ಇದೆ, ಅದನ್ನು ಮರೆತರೆ ರೋಗಿಗೆ ಅನ್ಯಾಯ. ಫ್ಯಾಕ್ಟರ್ ಎಂಟರ ಪ್ರತಿಕಾಯ ನಿಧಾನಿ. ಬೆರೆಸಿದ ತಕ್ಷಣ ನೋಡಿದರೆ ಸರಿಹೋದಂತೆಯೇ ಕಾಣಬಹುದು. ಅದೇ ಮಿಶ್ರಣವನ್ನು 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೆ ನೋಡಿದಾಗ ಸಮಯ ಎಳೆದಿರುತ್ತದೆ. ಲೂಪಸ್ ಆಂಟಿಕೋಆಗ್ಯುಲಂಟ್ ಸಾಮಾನ್ಯವಾಗಿ ಬೆರೆಸಿದ ಕೂಡಲೇ ಗುಣ ತೋರಿಸುತ್ತದೆ. ನಿಮ್ಮ ರಿಪೋರ್ಟಿನಲ್ಲಿ "ತಕ್ಷಣ" ಮತ್ತು "ಎರಡು ಗಂಟೆಯ ನಂತರ" ಎರಡೂ ಸಾಲು ಇವೆಯೇ ನೋಡಿ. ಒಂದೇ ಇದ್ದರೆ ಕೇಳಿ.

"ಟ್ಯೂಬ್ ತುಂಬಿಲ್ಲ ಅಂತ ಸ್ಯಾಂಪಲ್ ವಾಪಸ್ ಕಳಿಸಿದರು. ಮೊದಲೇ ರಕ್ತ ಕಡಿಮೆ ಇರೋ ಮನುಷ್ಯ, ಮತ್ತೆ ಚುಚ್ಚಬೇಕಾ?"

ಸಿಟ್ಟು ಬರುವುದು ಸಹಜ. ಆದರೆ ಹಾಗೆ ವಾಪಸ್ ಕಳಿಸಿದವರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ತಿಳಿನೀಲಿ ಮುಚ್ಚಳದ ಆ ಟ್ಯೂಬಿನಲ್ಲಿ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಎಂಬುದು ಲೆಕ್ಕ. ರಕ್ತ ಗೆರೆಯವರೆಗೆ ಬರದಿದ್ದರೆ ಸಿಟ್ರೇಟ್ ಹೆಚ್ಚಾಗಿ, ಇಲ್ಲದ ಕಾಯಿಲೆ ರಿಪೋರ್ಟಿನಲ್ಲಿ ಹುಟ್ಟುತ್ತದೆ.

ನನ್ನ ದೊಡ್ಡಮ್ಮನಿಗೇ ಇದು ಆಗಿದೆ. ಊರಿನ ಒಂದು ಕಡೆ ಅರ್ಧ ಟ್ಯೂಬ್ ರಕ್ತ ತೆಗೆದು, ಮಧ್ಯಾಹ್ನದವರೆಗೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಪರೀಕ್ಷೆ ಮಾಡಿ ಫ್ಯಾಕ್ಟರ್ ಎಂಟು ಕಡಿಮೆ ಎಂದರು. ಕಣ್ಣಿನ ಆಪರೇಷನ್ ಎರಡು ತಿಂಗಳು ಮುಂದೆ ಹೋಯಿತು. ಇಲ್ಲಿಗೆ ಕರೆಸಿ ಸರಿಯಾಗಿ ರಕ್ತ ತೆಗೆದು ನೋಡಿದಾಗ ಎಲ್ಲ ಸರಿಯಿತ್ತು. ಆ ಎರಡು ತಿಂಗಳು ಅವರು ಮಂಜಾದ ಕಣ್ಣಿನಲ್ಲೇ ಕಳೆದದ್ದು ನನಗೆ ಇಂದಿಗೂ ನೋವು.

ಇಡೀ ರಕ್ತವನ್ನು ಫ್ರಿಜ್‌ನಲ್ಲಿ ಇಡುವಂತಿಲ್ಲ. ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆ ಆಗಬೇಕು. ಗೋವಾದಿಂದ ಮುಂಬೈಗೆ ಕಳಿಸುವುದಾದರೆ ಅಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಎರಡು ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ತೆಗೆದು, ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿ ಫ್ರೀಜ್ ಮಾಡಿ ಡ್ರೈ ಐಸ್‌ನಲ್ಲಿ ಕಳಿಸಬೇಕು. ದಾರಿಯಲ್ಲಿ ಒಮ್ಮೆ ಕರಗಿದರೆ ಆ ಸ್ಯಾಂಪಲ್ ಮುಗಿಯಿತು. ಸಾಧ್ಯವಿದ್ದರೆ ಸ್ಯಾಂಪಲ್‌ಗಿಂತ ರೋಗಿಯೇ ರೈಲು ಹತ್ತುವುದು ಮೇಲು ಎಂದು ನಾನು ಹೇಳುತ್ತೇನೆ.

"ಮುಂಬೈಯಲ್ಲಿ ಈ ಪರೀಕ್ಷೆಗಳಿಗೆ ಎಲ್ಲಿ ಹೋಗಬೇಕು?"

ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ. 1957ರಲ್ಲಿ ರಕ್ತಗುಂಪಿನ ಕೇಂದ್ರವಾಗಿ ಶುರುವಾದದ್ದು. ರಕ್ತಸ್ರಾವದ ಕಾಯಿಲೆಗಳ ಮೇಲೆ ದಶಕಗಳಿಂದ ಅಲ್ಲಿ ಕೆಲಸ ನಡೆದಿದೆ. ನಿಮ್ಮ ಡಾಕ್ಟರರ ಚೀಟಿ ಜೊತೆಗಿರಲಿ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ನೋಡುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

## ಸಂಖ್ಯೆಗಳ ಒಳಗುಟ್ಟು

"ಎಂಟು, ಒಂಬತ್ತು, ಹನ್ನೊಂದು, ಹನ್ನೆರಡು – ನಾಲ್ಕೂ ಕಡಿಮೆ ಬಂದಿದೆ. ನಾಲ್ಕು ಕಾಯಿಲೆಯಾ?"

ಖಂಡಿತ ಅಲ್ಲ. ನಾಲ್ಕೂ ಒಟ್ಟಿಗೆ ಕಡಿಮೆ ಬಂದಾಗ ನಾವು ಮೊದಲು ಅನುಮಾನಿಸುವುದು ಪರೀಕ್ಷೆಯನ್ನೇ.

ಈ ನಾಲ್ಕನ್ನೂ ಅಳೆಯುವುದು ಎಪಿಟಿಟಿಯನ್ನೇ ಆಧರಿಸಿ. ಫ್ಯಾಕ್ಟರ್ ಒಂಬತ್ತು ನೋಡಬೇಕೆಂದರೆ, ಒಂಬತ್ತು ಮಾತ್ರ ಇಲ್ಲದ ಪ್ಲಾಸ್ಮಾಕ್ಕೆ ರೋಗಿಯ ಪ್ಲಾಸ್ಮಾವನ್ನು ಹತ್ತು ಪಟ್ಟು ತೆಳುಮಾಡಿ ಬೆರೆಸಿ, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತು ಎಂದು ನೋಡುತ್ತೇವೆ. ಲೂಪಸ್ ಆಂಟಿಕೋಆಗ್ಯುಲಂಟ್ ಇದ್ದರೆ ಅದು ಅಲ್ಲಿಯೂ ಫಾಸ್ಫೊಲಿಪಿಡ್‌ಗೆ ಅಡ್ಡ ಬಂದು ಎಲ್ಲ ಫ್ಯಾಕ್ಟರ್ ಕಡಿಮೆ ಎಂದು ತೋರಿಸುತ್ತದೆ.

ಬಿಡಿಸುವ ದಾರಿ ಸರಳ: ಇನ್ನಷ್ಟು ತೆಳುಮಾಡಿ. ಫ್ಯಾಕ್ಟರ್ ನಿಜಕ್ಕೂ ಕಡಿಮೆಯಿದ್ದರೆ, ತೆಳುಮಾಡಿದ ಲೆಕ್ಕ ಸರಿಪಡಿಸಿದ ಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಉತ್ತರ ಬರಬೇಕು. ಹಾಗಾಗದೆ, ಉದಾಹರಣೆಗೆ ಹತ್ತು ಪಟ್ಟಿಗೆ 18, ಇಪ್ಪತ್ತಕ್ಕೆ 34, ನಲವತ್ತಕ್ಕೆ 60, ಎಂಬತ್ತಕ್ಕೆ 88 ಎಂದು ಏರುತ್ತಾ ಹೋದರೆ, ಪ್ರತಿಕಾಯ ತೆಳುವಾಗಿ ಶಕ್ತಿ ಕಳೆದುಕೊಂಡಂತೆ ನಿಜವಾದ ಫ್ಯಾಕ್ಟರ್ ಹೊರಗೆ ಕಾಣುತ್ತಿದೆ ಎಂದರ್ಥ. ಗ್ರಾಫಿನಲ್ಲಿ ರೋಗಿಯ ಗೆರೆ ಮಾದರಿ ಗೆರೆಗೆ ಸಮಾನಾಂತರವಾಗಿ ಹೋಗದೆ ಓರೆಯಾಗುತ್ತದೆ. ಆ ಓರೆ ಗೆರೆಯನ್ನು ಕಂಡಾಗ ನನಗೆ ಈಗಲೂ ಒಂದು ಸಮಾಧಾನ. ಮೊದಲನೇ ಸಂಖ್ಯೆ, 18, ರಿಪೋರ್ಟಿಗೆ ಹೋಗಿದ್ದರೆ ಕಾಲಿನಲ್ಲಿ ಗಡ್ಡೆಯಿರುವ ಹೆಂಗಸಿನ ವಾರ್ಫರಿನ್ ನಿಲ್ಲಿಸಿಬಿಡುತ್ತಿದ್ದರು.

ಫ್ಯಾಕ್ಟರ್ ಎಂಟರ ಜೋರಾದ ಪ್ರತಿಕಾಯವೂ ಇಂಥದ್ದೇ ಗೊಂದಲ ಮಾಡಬಲ್ಲದು. ಒಂಬತ್ತನ್ನು ಅಳೆಯುವ ಪ್ಲಾಸ್ಮಾದಲ್ಲಿ ಇರುವ ಫ್ಯಾಕ್ಟರ್ ಎಂಟನ್ನು ಅದು ತಿಂದುಹಾಕಿ, ಒಂಬತ್ತೂ ಕಡಿಮೆ ಎಂದು ತೋರಿಸುತ್ತದೆ. ಆಗ ತೆಳುಮಾಡುತ್ತಾ ಹೋದಂತೆ ಒಂಬತ್ತು, ಹನ್ನೊಂದು ಮೇಲೇಳುತ್ತವೆ. ಎಂಟು ಮಾತ್ರ ತಳದಲ್ಲೇ ಇರುತ್ತದೆ. ಕ್ರೋಮೋಜೆನಿಕ್ ಎಂಬ, ಬಣ್ಣ ನೋಡಿ ಅಳೆಯುವ ಇನ್ನೊಂದು ವಿಧಾನವಿದೆ. ಲೂಪಸ್ ಆಂಟಿಕೋಆಗ್ಯುಲಂಟ್ ಅದನ್ನು ಅಷ್ಟಾಗಿ ಕೆಡಿಸಲಾರದು. ಅನುಮಾನ ಉಳಿದರೆ ಎಂಟನ್ನು ಅದರಲ್ಲೂ ಅಳೆಸಿ.

"ಬೆಥೆಸ್ಡಾ 40 ಅಂತ ಇದೆ, ಪಕ್ಕದ ಬೆಡ್ಡಿನವರಿಗೆ 6. ನಮ್ಮವರ ಸ್ಥಿತಿ ಅಷ್ಟು ಕೆಟ್ಟದಾ?"

ಹಾಗೆ ಹೋಲಿಸಬೇಡಿ. ಆರೋಗ್ಯವಂತರ ಪ್ಲಾಸ್ಮಾದ ಫ್ಯಾಕ್ಟರ್ ಎಂಟನ್ನು 37 ಡಿಗ್ರಿಯಲ್ಲಿ ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿಸುವಷ್ಟು ಪ್ರತಿಕಾಯಕ್ಕೆ ಒಂದು ಬೆಥೆಸ್ಡಾ ಯೂನಿಟ್ ಎನ್ನುತ್ತಾರೆ. 1975ರಿಂದ ಬಂದ ಅಳತೆ. ಆಮೇಲೆ ನೈಮೇಗನ್ ಎಂಬ ಡಚ್ ಊರಿನ ತಿದ್ದುಪಡಿ ಸೇರಿತು.

ಇದನ್ನು ರೂಪಿಸಿದ್ದು ಹುಟ್ಟಿನಿಂದ ಹಿಮೋಫಿಲಿಯಾ ಇರುವವರಿಗಾಗಿ. ಅವರಿಗೆ ಹೊರಗಿನಿಂದ ಫ್ಯಾಕ್ಟರ್ ಕೊಟ್ಟಾಗ ಹುಟ್ಟುವ ಪ್ರತಿಕಾಯ, ತನ್ನ ಪ್ರಮಾಣ ಸಾಕಷ್ಟಿದ್ದರೆ ಫ್ಯಾಕ್ಟರ್ ಎಂಟನ್ನು ಪೂರ್ತಿ ಅಳಿಸುತ್ತದೆ. ನಡುವೆ ಬಂದ ಹಿಮೋಫಿಲಿಯಾದ ಪ್ರತಿಕಾಯ ಹಾಗಲ್ಲ. ಶುರುವಿಗೆ ಬೇಗ ಬೇಗ ಇಳಿಸಿ, ಆಮೇಲೆ ಎಷ್ಟೇ ಹೆಚ್ಚಿದ್ದರೂ ಸ್ವಲ್ಪ ಫ್ಯಾಕ್ಟರನ್ನು ಉಳಿಸಿಬಿಡುತ್ತದೆ. ಅದಕ್ಕೇ 40 ಬೆಥೆಸ್ಡಾ ಇರುವವರ ರಕ್ತದಲ್ಲೂ ಫ್ಯಾಕ್ಟರ್ ಎಂಟು 4 ಪರ್ಸೆಂಟ್ ಸಿಗಬಹುದು. ಹುಟ್ಟಿನಿಂದ ಬಂದ ಹಿಮೋಫಿಲಿಯಾದಲ್ಲಿ 4 ಪರ್ಸೆಂಟ್ ಅಂದರೆ ಮಧ್ಯಮ ತೀವ್ರತೆ. ಇಲ್ಲಿ ಆ ಧೈರ್ಯ ಬೇಡ. 10 ಪರ್ಸೆಂಟ್ ಇದ್ದವರೂ ಹೊಟ್ಟೆಯ ಹಿಂಬದಿ ಸ್ನಾಯುವಿನಲ್ಲಿ ರಕ್ತ ತುಂಬಿ ಹಿಮೋಗ್ಲೋಬಿನ್ 5ಕ್ಕೆ ಇಳಿದು ಬಂದದ್ದುಂಟು.

ಫ್ಯಾಕ್ಟರ್ ಮಟ್ಟವಾಗಲಿ ಬೆಥೆಸ್ಡಾ ಆಗಲಿ ಎಷ್ಟು ರಕ್ತ ಹೋಗುತ್ತದೆ ಎಂದು ಹೇಳಲಾರವು. ಗುಣವಾಗಲು ಎಷ್ಟು ಕಾಲ ಬೇಕಾದೀತು ಎಂಬುದಕ್ಕೆ ಮಾತ್ರ ಫ್ಯಾಕ್ಟರ್ ಮಟ್ಟ ಸುಳಿವು ಕೊಡುತ್ತದೆ. 102 ರೋಗಿಗಳ ಜರ್ಮನ್–ಆಸ್ಟ್ರಿಯನ್ ಅಧ್ಯಯನದಲ್ಲಿ ಮೊದಲ ದಿನ 1 ಪರ್ಸೆಂಟಿಗಿಂತ ಕಡಿಮೆ ಇದ್ದವರು ಚೇತರಿಸಿಕೊಳ್ಳಲು ಹೆಚ್ಚು ವಾರ ತೆಗೆದುಕೊಂಡರು.

"ಮಗಳಿಗೆ ಲೂಪಸ್ ಆಂಟಿಕೋಆಗ್ಯುಲಂಟ್ ಇದೆ. ನೀವು ರಕ್ತ ಹೋಗಲ್ಲ ಅಂದಿರಿ, ಅವಳಿಗೆ ಮೂಗಿನಿಂದ ಹೋಗುತ್ತಲೇ ಇದೆ."

ಇದು ವಿರಳ, ಆದರೆ ತಿಳಿದಿರಲೇಬೇಕು. ಕೆಲವರಲ್ಲಿ, ವಿಶೇಷವಾಗಿ ವೈರಲ್ ಸೋಂಕು ಬಂದುಹೋದ ಮಕ್ಕಳಲ್ಲಿ ಮತ್ತು ಲೂಪಸ್ ಇರುವವರಲ್ಲಿ, ಅದರ ಜೊತೆಗೆ ಪ್ರೋಥ್ರಾಂಬಿನ್, ಅಂದರೆ ಫ್ಯಾಕ್ಟರ್ ಎರಡರ ಮೇಲೂ ಪ್ರತಿಕಾಯ ಹುಟ್ಟುತ್ತದೆ. ಆ ಪ್ರತಿಕಾಯ ಪ್ರೋಥ್ರಾಂಬಿನ್‌ಗೆ ಅಂಟಿಕೊಂಡು ಅದನ್ನು ರಕ್ತದಿಂದಲೇ ಬೇಗ ಹೊರಗೆ ಸಾಗಿಸುತ್ತದೆ. ಆಗ ಎಪಿಟಿಟಿಯ ಜೊತೆ ಪಿಟಿಯೂ ಉದ್ದವಾಗುತ್ತದೆ; ಅದೇ ಸುಳಿವು. ಮಗಳ ಪಿಟಿ ಎಷ್ಟಿದೆ ನೋಡಿ. ಉದ್ದವಾಗಿದ್ದರೆ ಫ್ಯಾಕ್ಟರ್ ಎರಡನ್ನು ಅಳೆಯಲು ಇವತ್ತೇ ಕೇಳಿ.

"ಪಿಟಿ, ಎಪಿಟಿಟಿ ಎರಡೂ ನಾರ್ಮಲ್. ಆದರೂ ಹಲ್ಲು ಕಿತ್ತ ಜಾಗದಲ್ಲಿ ಮೂರನೇ ದಿನ ಮತ್ತೆ ರಕ್ತ."

ಫ್ಯಾಕ್ಟರ್ ಹದಿಮೂರು ನೋಡಿಸಿ. ಕಟ್ಟಿದ ಹೆಪ್ಪನ್ನು ಬಿಗಿಗೊಳಿಸುವುದು ಅದು. ಪಿಟಿ, ಎಪಿಟಿಟಿಗೆ ಅದು ಕಾಣುವುದೇ ಇಲ್ಲ. ಅದರ ಮೇಲೂ ಸ್ವಪ್ರತಿಕಾಯ ಬರುವುದುಂಟು, ಹೆಚ್ಚಾಗಿ ವಯಸ್ಸಾದವರಲ್ಲಿ.

## ಚಿಕಿತ್ಸೆ ಮತ್ತು ಅದರ ನಡುವಿನ ಪರೀಕ್ಷೆಗಳು

"ಫ್ಯಾಕ್ಟರ್ ಎಂಟು ಕಡಿಮೆ ಇದ್ದರೆ ಅದನ್ನೇ ಚುಚ್ಚಬಹುದಲ್ಲ?"

ಚುಚ್ಚಿದ್ದನ್ನೂ ಪ್ರತಿಕಾಯ ಹಿಡಿದುಬಿಡುತ್ತದೆ. ಹಾಗಾಗಿ ಎಂಟನ್ನು ಬಳಸಿ ದಾಟುವ ದಾರಿ ಬಿಟ್ಟು ಬೈಪಾಸ್ ಹಿಡಿಯುತ್ತಾರೆ: ಸಕ್ರಿಯ ಫ್ಯಾಕ್ಟರ್ ಏಳು, ಅಥವಾ ಹಲವು ಸಕ್ರಿಯ ಅಂಶಗಳ ಮಿಶ್ರಣ. ಇವು ತುಂಬಾ ದುಬಾರಿ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಾಣಿರಿ, ಬಿಲ್ಲು ಬಂದ ಮೇಲೆ ಅಲ್ಲ. ಇದು ರಕ್ತ ನಿಲ್ಲಿಸಲು. ಪ್ರತಿಕಾಯವನ್ನೇ ಅಡಗಿಸಲು ಪ್ರೆಡ್ನಿಸೊಲೊನ್ ಎಂಬ ಸ್ಟೀರಾಯ್ಡ್, ಜೊತೆಗೆ ಸೈಕ್ಲೊಫಾಸ್ಫಮೈಡ್ ಅಥವಾ ರಿಟುಕ್ಸಿಮಾಬ್. ಸಾಮಾನ್ಯವಾಗಿ ಕೆಲವು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಸೋಂಕು ರಕ್ತಸ್ರಾವದಷ್ಟೇ ದೊಡ್ಡ ಶತ್ರು. ಸಣ್ಣ ಜ್ವರ ಬಂದರೂ ಕ್ರೋಸಿನ್ ಕೊಟ್ಟು ಕಾಯಬೇಡಿ, ಫೋನ್ ಮಾಡಿ. ಹಿಂದೆ ಟಿಬಿ ಅಥವಾ ಹೆಪಟೈಟಿಸ್ ಬಿ ಇದ್ದರೆ ಶುರು ಮಾಡುವ ಮೊದಲೇ ಹೇಳಿ.

"ಹೆರಿಗೆಯಾಗಿ ಎರಡು ತಿಂಗಳು. ಬಾಣಂತಿಯ ತೊಡೆ ನೀಲಿಗಟ್ಟಿದೆ, ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇವೆ."

ತಿಕ್ಕುವುದನ್ನು ನಿಲ್ಲಿಸಿ. ಹೆರಿಗೆಯ ನಂತರದ ಕೆಲವು ತಿಂಗಳು ಫ್ಯಾಕ್ಟರ್ ಎಂಟರ ಪ್ರತಿಕಾಯ ಕಾಣಿಸಿಕೊಳ್ಳುವ ಒಂದು ಕಾಲ. ಹೆಚ್ಚಿನವರಲ್ಲಿ ಗುಣವಾಗುತ್ತದೆ. ನಾಳೆ ಬೆಳಿಗ್ಗೆ ಎಪಿಟಿಟಿ ಮಾಡಿಸಿ. ಬಸುರಿನಲ್ಲೇ ಪ್ರತಿಕಾಯ ಇದ್ದಿದ್ದರೆ ಅದು ಮಾಸಿನ ಮೂಲಕ ಮಗುವಿಗೂ ದಾಟಿರಬಹುದು, ಹಾಗಾಗಿ ಮಗುವಿನ ವಿಷಯವನ್ನೂ ಡಾಕ್ಟರಿಗೆ ಹೇಳಿ.

"ಎಮಿಸಿಜುಮಾಬ್ ಕೊಟ್ಟ ಮೇಲೆ ಎಪಿಟಿಟಿ ನಾರ್ಮಲ್ ಬಂತು. ಪ್ರತಿಕಾಯ ಹೋಯಿತಾ?"

ಇಲ್ಲ, ಹಾಗೆಂದುಕೊಂಡು ಸ್ಟೀರಾಯ್ಡ್ ನಿಲ್ಲಿಸಿಬಿಡಬೇಡಿ. ಈ ಔಷಧಿ ಫ್ಯಾಕ್ಟರ್ ಎಂಟಿನ ಜಾಗದಲ್ಲಿ ನಿಂತು ಒಂಬತ್ತು ಮತ್ತು ಹತ್ತನ್ನು ಕೈಹಿಡಿಸುತ್ತದೆ. ನಡುವೆ ಬಂದ ಹಿಮೋಫಿಲಿಯಾಕ್ಕೆ 2022ರಲ್ಲಿ ಜಪಾನ್ ಇದಕ್ಕೆ ಅನುಮತಿ ಕೊಟ್ಟಿತು. ಎಪಿಟಿಟಿಯನ್ನು ಇದು ಎಷ್ಟು ಮೋಸಗೊಳಿಸುತ್ತದೆ ಎಂದರೆ, ಸ್ವಲ್ಪ ಔಷಧಿಗೇ ಸಮಯ ನಾರ್ಮಲ್ ಆಗುತ್ತದೆ, ಎಪಿಟಿಟಿ ಆಧರಿಸಿ ಅಳೆದ ಫ್ಯಾಕ್ಟರ್ ಎಂಟು ಸುಳ್ಳೇ ಹೆಚ್ಚು ಬರುತ್ತದೆ, ಬೆಥೆಸ್ಡಾ ಸುಳ್ಳೇ ಸೊನ್ನೆ ಆಗುತ್ತದೆ. ನಿಜವಾದ ಮಟ್ಟ ತಿಳಿಯಲು ದನದ ಫ್ಯಾಕ್ಟರ್‌ಗಳಿಂದ ಮಾಡಿದ ಕ್ರೋಮೋಜೆನಿಕ್ ಕಿಟ್ ಬೇಕು. ಎಮಿಸಿಜುಮಾಬ್ ಮನುಷ್ಯನ ಒಂಬತ್ತು, ಹತ್ತನ್ನು ಮಾತ್ರ ಗುರುತಿಸುತ್ತದೆ, ದನದ್ದನ್ನಲ್ಲ. ಕೊನೆಯ ಡೋಸ್ ಆದ ಮೇಲೂ ಇದರ ನೆರಳು ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ರಕ್ತ ಕೊಡುವಾಗ ಫಾರ್ಮಿನ ಮೇಲೆ ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು ಬರೆಸಿ. ಯಾರೂ ಕೇಳದಿದ್ದರೂ ಬರೆಸಿ.

"ಮೊದಲು 2 ಇದ್ದ ಫ್ಯಾಕ್ಟರ್ ಎಂಟು ಈಗ 190. ಇನ್ನು ಔಷಧಿ ಸಾಕಲ್ಲ?"

ಎಮಿಸಿಜುಮಾಬ್ ಇಲ್ಲದೆ ಬಂದ 190 ಆದರೆ ಒಳ್ಳೆಯ ಸುದ್ದಿಯೇ. ಆದರೆ ಸ್ಟೀರಾಯ್ಡನ್ನು ಒಮ್ಮೆಲೇ ಬಿಡುವಂತಿಲ್ಲ, ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು. ಮೊದಲ ತಿಂಗಳುಗಳಲ್ಲಿ ಎಪಿಟಿಟಿ, ಫ್ಯಾಕ್ಟರ್ ಎಂಟು ಮತ್ತೆ ಮತ್ತೆ ನೋಡಬೇಕು, ಏಕೆಂದರೆ ಕೆಲವರಲ್ಲಿ ಪ್ರತಿಕಾಯ ಮರಳುತ್ತದೆ. ಇನ್ನೊಂದು ಮಾತು: ಫ್ಯಾಕ್ಟರ್ ಎಂಟು ಗಡಿ ದಾಟಿ ಮೇಲೆ ಹೋದಾಗ ಅಪಾಯ ದಿಕ್ಕು ಬದಲಿಸುತ್ತದೆ. ಇಷ್ಟು ದಿನ ರಕ್ತ ಹೋದೀತೆಂದು ಹಾಸಿಗೆ ಬಿಟ್ಟು ಏಳದ ಮನುಷ್ಯನಿಗೆ ಈಗ ಕಾಲಿನಲ್ಲಿ ಗಡ್ಡೆ ಕಟ್ಟುವ ಭಯ. ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಗ್ಯಾಲರಿಯವರೆಗೆ ನಡೆಸಿ. ಸಂಜೆ ಎರಡೂ ಮೀನಖಂಡಕ್ಕೆ ಕೈಯಿಟ್ಟು ನೋಡಿ. ಒಂದು ಕಾಲು ಮಾತ್ರ ಬಿಸಿಯಾಗಿ, ಊದಿಕೊಂಡು, ಒತ್ತಿದರೆ ನೋವಾದರೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.